ಬಾಣಂತಿ ನೀರು

ಪುಟ್ಟತಾಯಮ್ಮ ಹಂಡೆಯೊಳಕ್ಕೆ ಮೊಣಕೈ ಮುಳುಗುವಷ್ಟು ಕೈ ಬಿಟ್ಟು, ಒಂದು ಗಳಿಗೆ ಹಾಗೇ ನಿಂತಿದ್ದು, ಆಮೇಲೆ ಕೈ ಒದರಿ ಆಚೆಗೆ ತೆಗೆದಳು.

"ಎಮ್ಮೆ ಮೈ ತೊಳ್ಯಕ್ಕೂ ಲಾಯಕ್ಕಿಲ್ಲ ಈ ನೀರು," ಎಂದಳು. "ಓ ಇವ್ನೇ, ಕೇಳುಸ್ತಾ? ಕೋಳಿ ಕೂಗ್ದಾಗ್ನಿಂದ ಉರಿ ಆಕ್ತಾ ಇದ್ದೀಯ. ಬಾವಿ ನೀರೇ ಇದುಕ್ಕಿಂತ ಬೆಚ್ಚುಗೈತೆ."

ಒಲೆಯ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಅವಳ ಗಂಡ ಚಲುವಯ್ಯ ಊದುಗೊಳವೆಯಿಂದ ಬಾಯಿ ತೆಗೆದ. ಅವನು ಊದಿದಷ್ಟೂ ಹೊಗೆ ಒಲೆಯೊಳಗಿಂದ ತಿರುಗಿ ಬಂದು ಅವನ ಮುಖಕ್ಕೇ ರಾಚುತ್ತಿತ್ತು. ಕಣ್ಣೆರಡೂ ಕೆಂಪಗಾಗಿ, ಮೀಸೆಯ ಮೇಲೆ ಬೂದಿ ಕೂತಿತ್ತು.

"ಸೌದೆ ಅಸಿ ಐತೆ ಕಣಮ್ಮಿ."

"ಅಸಿ? ಓದ್ ವರ್ಸ ಬಿದ್ದ ಉಣ್ಸೆ ಮರ ಅದು. ಅಸಿ ಇರೋದು ನಿನ್ ತಲೆ."

"ಸರಿ ಬುಡು."

"ಏನ್ ಸರಿ ಬುಡು? ಒಳ್ಗೆ ಬಾಣಂತಿ ಎಣ್ಣೆ ಅಚ್ಕೊಂಡು ನಡುಗ್ತಾ ಕುಂತವ್ಳೆ, ಸರಿ ಬುಡಂತೆ!"

ಬಾಣಂತಿ ಅವರ ಮಗಳು ಸುನಿತಾ. ಚೊಚ್ಚಲ ಹೆರಿಗೆ, ಹೆಣ್ಣು ಕೂಸು. ಪೇಟೆಯ ಆಸ್ಪತ್ರೆಯಿಂದ ಶೀಳನೆರೆಯ ಪಕ್ಕದ ಈ ಊರಿಗೆ, ತವರಿಗೆ, ಕರೆತಂದು ಹತ್ತಿರ ಹತ್ತಿರ ಎರಡು ವಾರವಾಗುತ್ತಿತ್ತು. ಐದು ತಿಂಗಳು ತುಂಬಿಸಿ, ಮಗುವಿಗೆ ಬಳೆ ಗೆಜ್ಜೆ ಹಾಕಿಸಿ, ಮೈ ಕೈ ತುಂಬಿಕೊಂಡ ಮಗಳನ್ನು ಗಂಡನ ಮನೆಗೆ ಕಳಿಸಬೇಕು ಎಂಬುದು ಪುಟ್ಟತಾಯಮ್ಮನ ಹಟ. ಇದ್ದದ್ದು ಒಬ್ಬಳೇ ಮಗಳು. ಈ ಐದು ತಿಂಗಳಿಗಾಗಿ ಅವಳು ಮಗಳ ಮದುವೆಯಾದ ದಿನದಿಂದ ಕಾದಿದ್ದಳು ಎಂದರೂ ತಪ್ಪಿಲ್ಲ.

ಆ ಸೀಮೆಯಲ್ಲಿ ಬಾಣಂತಿಗೆ ನೀರು ಹಾಕುವುದೆಂದರೆ ಮೈ ತೊಳೆಯುವುದಲ್ಲ. ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಚರ್ಮ ಕೆಂಪೇರುವಂಥ ಬಿಸಿನೀರನ್ನು ಚೊಂಬು ಚೊಂಬಾಗಿ ಸೊಂಟಕ್ಕೂ ಬೆನ್ನಿಗೂ ಬೀಸಿ ಬೀಸಿ ಹೊಡೆಯಬೇಕು. ಹಂಡೆಯ ತಳ ಕಾಣುವವರೆಗೆ ನಿಲ್ಲಿಸುವಂತಿಲ್ಲ. ಆಮೇಲೆ ಕಂಬಳಿ ಹೊದಿಸಿ ಬೆವರಿಳಿಸಿ, ಸಾಂಬ್ರಾಣಿ ಹೊಗೆಗೆ ತಲೆಗೂದಲು ಹರಡಬೇಕು. ಹೆರಿಗೆಯಲ್ಲಿ ಸಡಿಲಾದ ಸೊಂಟ ಕೂಡಿಕೊಳ್ಳುವುದು ಈ ನೀರಿನಿಂದಲೇ. ಇದು ಸರಿಯಾಗಿ ಬೀಳದಿದ್ದರೆ ಸಾಯುವ ತನಕ ಸೊಂಟನೋವು ತಪ್ಪದು ಎಂದು ಪುಟ್ಟತಾಯಮ್ಮನಿಗೆ ಅವಳ ಅವ್ವ ಹೇಳಿದ್ದಳು, ಅವ್ವನಿಗೆ ಅವಳ ಅವ್ವ.

ಅಂಥ ನೀರು ಕಾಯಲೆಂದೇ ಚಲುವಯ್ಯ ಹೊಸ ಬಚ್ಚಲು ಕಟ್ಟಿಸಿದ್ದ. ಹಳೆಯದು ಸೋಗೆ ಮಾಡಿನ ಗೂಡು. ಮೂರು ಕಲ್ಲಿನ ಮೇಲೆ ತಾಮ್ರದ ಹಂಡೆ, ಸುತ್ತ ಹೊಗೆಯೋ ಹೊಗೆ. ಆ ವರ್ಷ ಕಬ್ಬು ಕೈ ಹಿಡಿದಿದ್ದರಿಂದ ಇಟ್ಟಿಗೆ ಗೋಡೆ, ಹಂಚಿನ ಮಾಡು, ಸಿಮೆಂಟಿನ ನೆಲ ಎಲ್ಲ ಆಯಿತು. ಸಿಂಧಘಟ್ಟದ ಗಾರೆ ಕೆಲಸದ ದೇವಯ್ಯ ಹೊಸ ತರದ ಒಲೆ ಕಟ್ಟಿಕೊಟ್ಟ. ಹಂಡೆಯ ಹೊಟ್ಟೆಯೆಲ್ಲ ಒಲೆಯೊಳಗೇ ಹೂತಂತೆ ಕೂರಬೇಕು, ಹೊಗೆ ಗೋಡೆಯೊಳಗಿನ ಕೊಳವೆಯಲ್ಲಿ ಮೇಲೇರಿ ಆಚೆಗೆ ಹೋಗಬೇಕು. "ಬಾಣಂತಿ ಕಣ್ಣಿಗೆ ಒಂದೆಳೆ ಒಗೆ ಬರಕಿಲ್ಲ. ಕಾಲ್ವಾಸಿ ಸೌದೆ ಸಾಕು," ಎಂದಿದ್ದ. ಚಲುವಯ್ಯ ಕಬ್ಬಿನ ಗದ್ದೆ ಬಿಟ್ಟು ಬಂದವನಲ್ಲ. ಎಲ್ಲವನ್ನೂ ದೇವಯ್ಯನ ಕೈಗೆ ಬಿಟ್ಟಿದ್ದ. ಕೊನೆಯ ದಿನ ದೇವಯ್ಯ ಎರಡು ತೆಂಗಿನ ಗರಿ ಉರಿಸಿ, "ನೋಡಿ, ಎಂಗೆ ಎಳೀತದೆ," ಎಂದದ್ದನ್ನು ಕಣ್ಣಾರೆ ಕಂಡವನು ಚಲುವಯ್ಯ ಒಬ್ಬನೇ. ಅದರ ಮಾರನೆಯ ದಿನವೇ ಸುನಿತಾಗೆ ನೋವು ಕಾಣಿಸಿಕೊಂಡು, ಆಸ್ಪತ್ರೆ, ಓಡಾಟ, ಒಲೆಯ ಸುದ್ದಿ ಯಾರಿಗೂ ನೆನಪಾಗಲಿಲ್ಲ.

ಮಗಳು ಕೂಸಿನ ಜೊತೆ ಮನೆಗೆ ಬರುವ ಹಿಂದಿನ ದಿನ ಪುಟ್ಟತಾಯಮ್ಮ ಮನೆಯನ್ನೆಲ್ಲ ಬಿಗಿ ಮಾಡಿದ್ದಳು. ಬಾಣಂತಿಗೆ ಗಾಳಿ ತಾಗಬಾರದು. ಪಡಸಾಲೆಯ ಕಿಟಕಿಗೆ ಗೋಣಿತಾಟು, ಬಾಗಿಲ ಸಂದಿಗೆ ಹಳೇ ಸೀರೆ, ಹಂಚಿನ ಬಿರುಕಿಗೆ ಬಟ್ಟೆಯ ಉಂಡೆ. ಬಚ್ಚಲ ಹಿಂಗೋಡೆಯ ಸೂರಿನಡಿ ಸಾಲಾಗಿ ಮೂರು ತೂತು ಕಂಡವು. ಗಾರೆಯವರು ಎತ್ತರದಲ್ಲಿ ನಿಂತು ಕೆಲಸ ಮಾಡಲು ಸಾರುವೆ ಕಟ್ಟುವಾಗ ಗಳು ತೂರಿಸಲು ಬಿಟ್ಟು, ಕೆಲಸ ಮುಗಿದ ಮೇಲೆ ಮುಚ್ಚದೆ ಹೋಗುವ ತೂತುಗಳು. "ಕೂಲಿ ಇಸ್ಕೊಳ್ಳಕ್ಕೆ ಮುಂದು, ಕೆಲ್ಸ ಮುಗ್ಸಕ್ಕೆ ಇಂದು," ಎಂದು ಗೊಣಗಿಕೊಂಡು ಏಣಿ ಹತ್ತಿ, ಗೋಣಿಚೂರು ತುರುಕಿ, ಮೇಲೆ ಸಗಣಿ ಕೆಮ್ಮಣ್ಣು ಕಲಸಿ ಮೆತ್ತಿ ಇಳಿದಿದ್ದಳು. ಆಮೇಲೆ ಅದನ್ನು ಮರೆತಳು. ಅಂದು ಅವಳು ಮುಚ್ಚಿದ ಸಂದಿಗಳು ಅಷ್ಟಿದ್ದವು.

ಹಂಡೆ ಕಾಯಲಿಲ್ಲ. ಮೊದಲ ದಿನ ಒಲೆ ಹೊಸದು, ಗೋಡೆ ಹಸಿ ಎಂದುಕೊಂಡರು. ಆಮೇಲೆ ಕಬ್ಬಿನ ತರಗು ಹಾಕಿದರು. ಅದು ಭಗ್ಗೆಂದು ಒಲೆಯ ಬಾಯಲ್ಲೇ ಉರಿದು ಚಲುವಯ್ಯನ ಹುಬ್ಬು ಸುಟ್ಟಿತು. ತೆಂಗಿನ ಚಿಪ್ಪು ಹಾಕಿದರು, ಹಿಪ್ಪುನೇರಳೆ ಕಡ್ಡಿ ಹಾಕಿದರು. ಏನು ಹಾಕಿದರೂ ಉರಿ ಒಳಕ್ಕೆ ಹೋಗದು. ಬಾಯಲ್ಲೇ ನಾಲಿಗೆ ಆಡಿಸಿ ಹೊಗೆಯಾಗಿ ಬಚ್ಚಲು ತುಂಬುವುದು. ಹಂಡೆಯ ನೀರು ಉಗುರುಬೆಚ್ಚಗಾಗಿ ಅಲ್ಲೇ ನಿಲ್ಲುವುದು. ಅಡುಗೆ ಒಲೆಯ ಮೇಲೆ ಡಬರಿಯಲ್ಲಿ ಕಾಯಿಸಿ ತಂದು ಸುರಿದು ಹೇಗೋ ದಿನ ನೂಕಿದರು. ಕೂಸಿಗೆ ಅದು ಸಾಕಾಗುತ್ತಿತ್ತು. ಬಾಣಂತಿಗೆ ಅದು ಯಾವ ಮೂಲೆಗೆ?

ಕೂಸಿಗೆ ನೀರು ಹಾಕಲು ಬರುತ್ತಿದ್ದ ಪಕ್ಕದ ಮನೆಯ ಮುದುಕಿ ಚಿಕ್ಕಬೋರಮ್ಮ ಕಾಲು ಚಾಚಿ ಕೂತು, ಮೊಳಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಹಂಡೆಯ ಕಡೆ ಅನುಮಾನದಿಂದ ನೋಡಿದಳು.

"ಕಣ್ಣು ಕಣೇ ಪುಟ್ಟಿ. ಊರೋರೆಲ್ಲ ಬಂದು ಬಂದು ಬಚ್ಲು ಬಚ್ಲು ಅಂತ ಬಾಯ್ ಬುಟ್ಕೊಂಡು ನೋಡುದ್ರಲ್ಲ. ಅಂಡೆಗೆ ಕಣ್ಣಾಗೈತೆ."

"ಅಂಡೆಗೆ ಕಣ್ಣಾಗಿದ್ರೆ ತೂತು ಬೀಳ್ಬೇಕಿತ್ತು. ತಣ್ಣುಗ್ ಯಾಕಾಯ್ತದೆ?"

"ಆಯ್ತದೆ. ಮೆಣಸಿನಕಾಯಿ ಕೊಡು ಇಲ್ಲಿ."

ಬೈದುಕೊಂಡೇ ಪುಟ್ಟತಾಯಮ್ಮ ಮೆಣಸಿನಕಾಯಿ, ಉಪ್ಪು ತಂದುಕೊಟ್ಟಳು. ಮುದುಕಿ ಹಂಡೆಗೆ ನೀವಾಳಿಸಿ ಅದನ್ನು ಒಲೆಗೇ ಎಸೆದಳು. ಆ ಘಾಟು ತಿರುಗಿ ಬಚ್ಚಲೊಳಕ್ಕೇ ಬಂತು. ಚಿಕ್ಕಬೋರಮ್ಮ ಕೂಸನ್ನು ಎದೆಗವಚಿಕೊಂಡು ಕೆಮ್ಮುತ್ತಾ ಆಚೆ ಓಡಿದಳು. "ನೋಡ್ದಾ, ನೋಡ್ದಾ, ಎಷ್ಟು ಕಣ್ಣಾಗಿತ್ತು ಅಂತ," ಎಂದಳು ಅಂಗಳದಲ್ಲಿ ಉಸಿರೆಳೆದುಕೊಂಡು.

ಇಷ್ಟೇ ಆಗಿದ್ದರೆ ಮನೆಯೊಳಗಿನ ಮಾತಾಗಿ ಉಳಿಯುತ್ತಿತ್ತು. ಹಿಂದಿನ ಭಾನುವಾರ ಅಳಿಯ ದಿಲೀಪ ಕೂಸನ್ನು ನೋಡಲು ಬಂದವನು, ಹೆಂಡತಿ ಸೊಂಟ ಹಿಡಿದುಕೊಂಡು ಏಳುವುದನ್ನು ಕಂಡು ಏನೆಂದು ಕೇಳಿದ. ಸುನಿತಾ ಸುಳ್ಳು ಹೇಳಲಿಲ್ಲ. ಅವನು ಬಾಬುರಾಯನಕೊಪ್ಪಲಿಗೆ ಹೋಗಿ ತಾಯಿಗೆ ಹೇಳಿದ. ತಾಯಿ ಯಶೋದಮ್ಮ ಬುಧವಾರ ಶೀಳನೆರೆಯ ಫೋನ್ ಬೂತಿಗೆ ಸುದ್ದಿ ಮುಟ್ಟಿಸಿದಳು. ಶುಕ್ರವಾರ ಕಾರು ಮಾಡಿಕೊಂಡು ಬರುತ್ತೇನೆ, ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗುತ್ತೇನೆ, ನಮ್ಮ ಮನೆಯಲ್ಲಿ ಗೀಸರ್ ಇದೆ, ಬಾಣಂತನ ನಾವೇ ಮಾಡಿಕೊಳ್ಳುತ್ತೇವೆ. ಬೂತಿನವನು ಸೈಕಲ್ಲಿನಲ್ಲಿ ಬಂದು ಇದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಗೀಸರ್ ಎನ್ನುವಾಗ ಅವನ ದನಿ ಒಂದು ಸುತ್ತು ಏರಿತ್ತು ಎಂದು ಪುಟ್ಟತಾಯಮ್ಮನಿಗೆ ಅನ್ನಿಸಿತು.

ಗುರುವಾರ ಚಲುವಯ್ಯ ಸೈಕಲ್ ತುಳಿದು ಸಿಂಧಘಟ್ಟಕ್ಕೆ ಹೋಗಿ ದೇವಯ್ಯನನ್ನು ಕರೆತಂದ. ದೇವಯ್ಯ ಒಲೆಯ ಬಾಯಿಗೆ ತಲೆ ತೂರಿಸಿ ನೋಡಿದ, ಗೋಡೆ ತಟ್ಟಿ ಕಿವಿಯಿಟ್ಟು ಕೇಳಿದ, ಹಂಡೆಯ ಕಂಠದ ಸುತ್ತ ಬೆರಳಾಡಿಸಿದ.

"ನನ್ನೊಲೇಲಿ ಕೊರೆ ಇಲ್ಲ," ಎಂದ. "ಪಾಂಡವಪುರದಲ್ಲಿ ಕಟ್ಕೊಟ್ಟಿವ್ನಿ, ನಾಗಮಂಗಲದಲ್ಲಿ ಕಟ್ಕೊಟ್ಟಿವ್ನಿ. ಒಬ್ರೂ ಕಾಯ್ನಿಲ್ಲ ಅಂದಿಲ್ಲ. ನಿಮ್ಮ ಅಂಡೆ ದಪ್ಪ."

"ಅಂಡೆ ದಪ್ಪವಾ?" ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಮ್ಮತ್ತೆ ಕಾಲದಿಂದ ಮೂರು ಕಲ್ಲಿನ್ ಮ್ಯಾಲೆ ಕುದೀತಿದ್ದ ಅಂಡೆ, ನಿನ್ ಕೈ ತಾಕ್ತಿದ್ದಂಗೆ ದಪ್ಪ ಆಗೋಯ್ತಾ?"

"ಒಸಿ ತಡ್ಕಳಿ ತಾಯಿ. ಇಂದ್ಗಡೆ ಓಗಿ ಒಂದಪ ನೋಡ್ಬುಡ್ತೀನಿ."

"ಇಂದ್ಗಡೆ ಏನ್ ನೋಡಿಯೇ? ಒಲೆ ಇಲ್ಲೈತೆ. ಮಾಡಿದ್ ಕೆಲ್ಸ ಮುಂದ್ಗಡೆ ಬುಟ್ಟು ಕಳ್ಳನಂಗೆ ಇಂದ್ಗಡೆ ಸುತ್ತಕ್ಕೋಯ್ತಾನೆ! ನಿಮ್ಮಪ್ಪ ಕಟ್ಟಿದ್ ಗೋಡೆ ಒಂದ್ ಮಳೆಗೆ ಮಕಾಡೆ ಮಲೀಕತ್ತು. ಅವ್ನ ಮಗ ತಾನೆ ನೀನು?"

ದೇವಯ್ಯ ಹಿಂಗೋಡೆಯ ಕಡೆ ಎತ್ತಿದ್ದ ಹೆಜ್ಜೆ ಇಳಿಸಿದ. ಕರಣೆಯನ್ನು ಚೀಲಕ್ಕೆ ಹಾಕಿದ.

"ಸತ್ತೋರ ಸುದ್ದಿ ಎತ್ಬುಟ್ರಿ," ಎಂದ. "ಚಲುವಣ್ಣ, ನಿನ್ ಮೊಕ ನೋಡಿ ಬಂದೆ. ಇನ್ ನನ್ ಕಾಲು ಈ ಅಟ್ಟಿಗೆ ಬರಕಿಲ್ಲ."

ಚಲುವಯ್ಯ ಬೀಡಿ ಕಟ್ಟು ಹಿಡಿದುಕೊಂಡು ಹಿಂದೆಯೇ ಬೇಲಿಯವರೆಗೂ ಹೋದ. ದೇವಯ್ಯ ಬೀಡಿಯನ್ನೂ ಮುಟ್ಟದೆ ಸೈಕಲ್ ಹತ್ತಿದ. ವಾಪಸು ಬಂದ ಚಲುವಯ್ಯ ಒಲೆಯ ಬೂದಿ ಬಾಚಲು ಕೂತ. ಅವನು ಹೀಗೆ ತಿರುಗಿ ಬೈಯದಿದ್ದಾಗ ಪುಟ್ಟತಾಯಮ್ಮನಿಗೆ ಇನ್ನಷ್ಟು ಉರಿಯುತ್ತಿತ್ತು.

ಅಂದು ಸಂಜೆ ಸುನಿತಾ ಹಾಸಿಗೆಯ ಮೇಲೆ ಕೂತು ಕೂಸಿನ ಬಟ್ಟೆಗಳನ್ನು ಮಡಿಸಿ ಗಂಟು ಕಟ್ಟುತ್ತಿದ್ದಳು. ಪುಟ್ಟತಾಯಮ್ಮ ಮೆಣಸಿನ ಸಾರಿನ ಬಟ್ಟಲು ಮಗಳ ಮುಂದಿಟ್ಟಳು.

"ಗಂಟು ಕಟ್ಟದು ನೋಡು. ನಾಳೀಕ್ ಕಟ್ಟಿದ್ರೆ ಆಗ್ತಿರ್ಲಿಲ್ವಾ?"

"ನಂಗೇನ್ ಓಗ್ಬೇಕು ಅಂತ ಐತಾ ಅವ್ವ?" ಸುನಿತಾ ತಲೆ ಎತ್ತಲಿಲ್ಲ. "ಅಲ್ಲೋದ್ರೆ ನಾನು ಸೊಸೆ. ಇಂಗೆ ಮಲೀಕೊಂಡು ಸಾರು ಕುಡ್ಯಕ್ಕಾಯ್ತದಾ? ಆದ್ರೆ ಸೊಂಟ ಕಿತ್ತು ಬತ್ತದೆ ಕಣವ್ವ. ಕೂಸ್ನ ಎತ್ಕೊಳ್ಳಕ್ಕಾಗ್ತಿಲ್ಲ."

ಪುಟ್ಟತಾಯಮ್ಮ ಮಗಳ ಪಕ್ಕ ಕೂತಳು. ಬಟ್ಟೆ ಗಂಟಿನ ಇನ್ನೊಂದು ತುದಿಯನ್ನು ತಾನೇ ಹಿಡಿದು ಬಿಗಿಯಾಗಿ ಎಳೆದು ಕಟ್ಟಿಕೊಟ್ಟಳು.

ಶುಕ್ರವಾರ ಎಲ್ಲ ಕೆಲಸವೂ ತಡವಾಯಿತು. ದಿನವೂ ಬೆಳಕು ಹರಿಯುವ ಮೊದಲೇ ಕೊಟ್ಟಿಗೆ ಬಾಚಿ ಸಗಣಿ ಹೊತ್ತು ತಿಪ್ಪೆಗೆ ಹಾಕುತ್ತಿದ್ದವಳು, ಅಂದು ಬೀಗತಿಗೆಂದು ಅವರೆಕಾಯಿ ಬಿಡಿಸಿ, ಕೋಳಿ ಹಿಡಿಸಿ, ಅಂಗಳ ಗುಡಿಸಿ, ಸಗಣಿ ಮಕ್ಕರಿ ಎತ್ತುವಾಗ ಬಿಸಿಲು ಚೆನ್ನಾಗಿ ಏರಿತ್ತು. ತಿಪ್ಪೆ ಇದ್ದದ್ದು ಬಚ್ಚಲ ಹಿಂದೆ. ಒಳಗೆ ಚಲುವಯ್ಯ ಛಲ ಬಿಡದೆ ಒಲೆ ಹೊತ್ತಿಸಿಕೊಂಡು ಕೆಮ್ಮುತ್ತಿದ್ದ. ಮಕ್ಕರಿ ಮಗುಚಿ, ಸೊಂಟ ನೆಟ್ಟಗೆ ಮಾಡಿ, ಸುಮ್ಮನೆ ಮೇಲೆ ನೋಡಿದಳು.

ಸೂರಿನಡಿ ಸುಣ್ಣದ ಗೋಡೆಯ ಮೇಲೆ ಮೂರು ತೇಪೆ. ಅವುಗಳ ಸುತ್ತ ಸುಣ್ಣ ಹಳದಿಗಟ್ಟಿತ್ತು. ನಡುವಿನ ತೇಪೆ ಒಣಗಿ ಅಂಚು ಬಿರುಕು ಬಿಟ್ಟ ಕಡೆ, ನೂಲೆಳೆಯಷ್ಟು ತೆಳ್ಳಗೆ, ಹೊಗೆ. ಬಿಸಿಲಿಗೆ ಅದು ನೀಲಿಯಾಗಿ ಕಾಣುತ್ತಿತ್ತು.

ಪುಟ್ಟತಾಯಮ್ಮ ಖಾಲಿ ಮಕ್ಕರಿ ಹಿಡಿದುಕೊಂಡೇ ನಿಂತಳು. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವು ಸಾರುವೆಯ ತೂತುಗಳಲ್ಲ. ಗೋಡೆಯೊಳಗೆ ಏರಿ ಬಂದ ಹೊಗೆ ಆಚೆ ಹೋಗಲೆಂದು ದೇವಯ್ಯ ಬಿಟ್ಟ ಗಂಡಿಗಳು. ಮೊದಲು ಬಂದದ್ದು ಕೋಪ. ಯಾರ ಮೇಲೆ ಹಾಯುವುದು ಎಂದು ಹುಡುಕಿದಳು. ಯಾರೂ ಸಿಗಲಿಲ್ಲ. ಎರಡನೆಯದಾಗಿ ಬಂದದ್ದು, ಯಾರೂ ನೋಡುವ ಮೊದಲು ಕಿತ್ತುಬಿಡಬೇಕು ಎಂಬ ಅವಸರ. ಕಿತ್ತು, ಏಣಿ ಒಳಗಿಟ್ಟು, ಏನೂ ಅರಿಯದವಳ ಹಾಗೆ ಹೋಗಿ ಹಂಡೆಗೆ ಕೈ ಅದ್ದಿ, ಓಹೋ ಕಾದೈತೆ ಎಂದರೆ ಆಯಿತು. ಮೆಣಸಿನಕಾಯಿ ನೀವಾಳಿಸಿದ್ದು ಈಗ ಹತ್ತಿತು ಎಂದರೆ ಚಿಕ್ಕಬೋರಮ್ಮನಿಗೂ ಸಂತೋಷ.

ಕೊಟ್ಟಿಗೆಯಿಂದ ಏಣಿ ತಂದು ಒರಗಿಸಿದಳು. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಮೊದಲ ತೇಪೆಯ ಅಂಚಿಗೆ ಕುಡುಗೋಲ ಮೂತಿ ಕೊಟ್ಟು ಮೀಟಿದಾಗ ಸಗಣಿಯ ಹಳುಕು ಸಲೀಸಾಗಿ ಬಿದ್ದಿತು. ಕರಕಲಾದ ಗೋಣಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಬೆರಳು ತೂರಿಸಿ, ಹಲ್ಲು ಕಚ್ಚಿ ಎಳೆದಳು. ಅದು ಒಮ್ಮೆಲೇ ಕಿತ್ತು ಬಂತು, ಹಿಂದೆಯೇ ಎರಡು ವಾರದ ಮಸಿಯೂ ಹೊಗೆಯೂ ಸೇರಿ ಅವಳ ಮುಖ, ಕತ್ತು, ತಲೆಗೂದಲಿನ ಮೇಲೆ ಭುಸ್ಸೆಂದು ಬಿದ್ದವು. ಕಣ್ಣು ಮುಚ್ಚಿ ಏಣಿಯನ್ನು ತಬ್ಬಿಕೊಂಡಳು. ಹಾಗೆ ತಬ್ಬಿಕೊಂಡಿರುವಾಗಲೇ ಮನೆಯ ಮುಂದೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು.

ಯಶೋದಮ್ಮ ಎತ್ತರದ ಹೆಂಗಸು. ನಡೆದಾಡುವಾಗ ಒಂದು ಕೈ ಸೊಂಟದ ಮೇಲೇ ಇರುತ್ತಿತ್ತು. ಕಾರಿನಿಂದ ಇಳಿದವಳೇ ಸೊಸೆಯ ಹಾಸಿಗೆ ಸುರುಳಿಯನ್ನೂ ಗಂಟನ್ನೂ ಡಿಕ್ಕಿಗೆ ಹಾಕಲು ಡ್ರೈವರ್ ಅಶೋಕನಿಗೆ ಹೇಳಿದಳು. ಆಮೇಲೆ, "ಬೀಗ್ತಿ ಎಲ್ಲಿ?" ಎಂದು ಕೇಳಿದಳು. ಚಲುವಯ್ಯನಿಗೂ ಗೊತ್ತಿರಲಿಲ್ಲ. ಇಬ್ಬರೂ ಹುಡುಕಿಕೊಂಡು ಬಚ್ಚಲ ಹಿಂದಕ್ಕೆ ಬಂದರು.

"ಅಯ್ಯೋ ಸಿವ್ನೇ!" ಯಶೋದಮ್ಮ ಬಾಯಿಗೆ ಸೆರಗು ಹಿಡಿದಳು. "ಬೀಗ್ತಿ, ಇದೇನ್ ಏಸ? ಮೊಕುಕ್ ಏನ್ ಬಳ್ಕೊಂಡ್ರಿ?"

ಪುಟ್ಟತಾಯಮ್ಮ ಕೆಳಗೆ ನೋಡಿದಳು. ಕಣ್ಣಿನ ಬಿಳಿ ಮಾತ್ರ ಬಿಳಿಯಾಗಿ ಉಳಿದಿತ್ತು.

ಚಲುವಯ್ಯ ತಲೆಯೆತ್ತಿ ಗೋಡೆಯನ್ನು ನೋಡಿದ. ಇನ್ನೂ ಕೀಳದ ಎರಡು ತೇಪೆಗಳ ಮೇಲೆ ಐದು ಬೆರಳು ಎಳೆದ ಅರ್ಧಚಂದ್ರದ ಗೆರೆಗಳಿದ್ದವು. ಅವನ ಮನೆಯ ನೆಲ, ಕಣ, ಕಣಜ ಎಲ್ಲದರ ಮೇಲೂ ಅವನು ವರ್ಷಗಟ್ಟಲೆ ನೋಡಿದ ಗೆರೆಗಳು. ಆ ಕೈ ಯಾರದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಅವನು ಒಂದು ಸಲ ಕೆಮ್ಮಿದ.

"ಆ ದೇವಯ್ಯ ತೂತ್ ಮುಚ್ಬುಟ್ಟು ಓಗವ್ನೆ ಅಂತ ಕಾಣ್ತದೆ," ಎಂದ. "ಅದ್ಕೇ ಒಗೆ ಓಗ್ತಿರ್ಲಿಲ್ಲ."

ಏಣಿಯ ಮೇಲಿಂದ ಇಳಿಯಲು ಇದಕ್ಕಿಂತ ಸಲೀಸಾದ ಮೆಟ್ಟಿಲು ಬೇಕಿರಲಿಲ್ಲ. ಪುಟ್ಟತಾಯಮ್ಮ ಗಂಡನ ಮುಖ ನೋಡಿದಳು. ಮೂರು ಹೊತ್ತೂ ಬೈಸಿಕೊಂಡ ಮುಖ, ಹುಬ್ಬು ಸುಟ್ಟಿತ್ತು, ಕಣ್ಣು ಇನ್ನೂ ಕೆಂಪಗಿತ್ತು. ಹೂಂ ಅನ್ನು ಎಂದು ಆ ಕಣ್ಣೇ ಹೇಳುತ್ತಿತ್ತು. ಅವಳಿಗೆ ಅವನ ಮೇಲೆ ಎಂದಿಲ್ಲದ ಸಿಟ್ಟು ಬಂತು.

"ದೇವಯ್ಯ ಅಲ್ಲ, ಗೀವಯ್ಯ ಅಲ್ಲ," ಎಂದು ಕಿರುಚಿದಳು. "ನಾನೇ. ಬಾಣಂತಿಗೆ ಗಾಳಿ ತಾಕ್ಬಾರ್ದು ಅಂತ ನಾನೇ ಮುಚ್ಚಿದ್ದು. ಸಾರ್ವೆ ತೂತು ಅಂತ ಮುಚ್ದೆ. ಎಲ್ಡು ವಾರದಿಂದ ಊರೋರ್ನೆಲ್ಲ ಬಯ್ದೆ. ಸಾಕಾ? ಇನ್ನೂ ಯಾರಾದ್ರು ಕೇಳೋದೈತಾ?"

ತಿಪ್ಪೆಯ ಮೇಲೆ ಕೆದಕುತ್ತಿದ್ದ ಕೋಳಿಗಳು ದೂರ ಓಡಿದವು. ಯಶೋದಮ್ಮ ಸೆರಗಿನೊಳಗೆ ಏನೋ ತಡೆದುಕೊಳ್ಳುತ್ತಿದ್ದಳು. ಭುಜ ಅಲುಗಿತು. ಆಮೇಲೆ ತಡೆಯಲಾಗದೆ, ಗೋಡೆಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ನಕ್ಕಳು.

"ಒಲೆ ಮೂಗ್ನೇ ಮುಚ್ಬುಟ್ಟಿದ್ದೀರಲ್ಲ ಬೀಗ್ತಿ! ನಮ್ಮತ್ತೆ ಇಂಗೇ ಕಣ್ರೀ. ದಿಲೀಪ ಉಟ್ದಾಗ ರೂಮಿನ್ ಸಂದಿಗೊಂದಿಗೆಲ್ಲ ಸಗಣಿ ಮೆತ್ತಿ, ನಾನು ಉಸ್ರು ಕಟ್ಟಿ ಸತ್ತೋಯ್ತೀನಿ ಅಂತ ಬಡ್ಕೊಂಡಿದ್ದೆ."

"ನಗಿ, ನಗಿ," ಎಂದಳು ಪುಟ್ಟತಾಯಮ್ಮ. "ನಕ್ಕೊಂಡು ಕರ್ಕೊಂಡೋಗಿ."

ಯಶೋದಮ್ಮನ ನಗು ಇಳಿಯಿತು. "ನೀರು ಕಾಯ್ಲಿ, ನೋಡಾನ," ಎಂದಳು. "ಕಾದ್ರೆ ಒಂದು ಮಾತು, ಕಾಯ್ದಿದ್ರೆ ಒಂದು ಮಾತು. ಮಿಕ್ಕಿದ್ದನ್ನ ಕೀಳಿ ಮೊದ್ಲು. ಏಣಿ ಅಲ್ಲಾಡ್ತಾ ಐತೆ." ಹತ್ತಿರ ಬಂದು ಏಣಿಯ ಕಾಲಿಗೆ ಪಾದ ಕೊಟ್ಟು ಗಟ್ಟಿಯಾಗಿ ಹಿಡಿದು ನಿಂತಳು. ಅವಳು ಉಟ್ಟು ಬಂದಿದ್ದ ಒಳ್ಳೆಯ ಸೀರೆಯ ಮೇಲೆ ಮಸಿ ಉದುರಿತು. ಅವಳು ಅತ್ತ ನೋಡಲಿಲ್ಲ.

ಮೂರನೆಯ ಗೋಣಿ ಕಿತ್ತು ಬಂದ ಕ್ಷಣ ಒಳಗೆ ಒಲೆ ದನಿ ತೆಗೆಯಿತು. ಬಚ್ಚಲಲ್ಲಿ ಕವಿದಿದ್ದ ಹೊಗೆ ಒಲೆಯ ಬಾಯಿಗೇ ತಿರುಗಿ ಒಳಕ್ಕೆ ನುಗ್ಗಿತು. ಉರಿ ಹಂಡೆಯ ಹೊಟ್ಟೆಯ ಸುತ್ತ ಗುಂಯ್ ಎಂದು ಹಬ್ಬಿತು. ಚಲುವಯ್ಯ ಒಳಗೆ ಬಂದು ಊದುಗೊಳವೆಯನ್ನು ಮೂಲೆಗೆ ಎಸೆದು, ಗೋಡೆಗೊರಗಿ, ಕಾಲು ಚಾಚಿ, ಬೀಡಿ ಹಚ್ಚಿದ. ಆ ಬಚ್ಚಲು ಕಟ್ಟಿಸಿದ ಮೇಲೆ ಅವನು ಅದರೊಳಗೆ ಸುಖವಾಗಿ ಕೂತದ್ದು ಅದೇ ಮೊದಲು.

ಪುಟ್ಟತಾಯಮ್ಮ ಮುಖಕ್ಕೆ ನೀರು ಚಿಮುಕಿಸಿಕೊಂಡು ಬಂದು ಅವನ ಎದುರು ನಿಂತಳು. ಮಸಿ ಅರ್ಧ ಹೋಗಿ ಅರ್ಧ ಉಳಿದಿತ್ತು.

"ಸಿಂಧಘಟ್ಟುಕ್ಕೆ ಓಗಿ ಅವ್ನಿಗೆ ಒಂದ್ ಚೀಲ ಅವರೆಕಾಯಿ ಕೊಟ್ಬಾ."

"ಏನಂತ ಯೋಳ್ಲಿ?"

"ಏನೂ ಯೋಳ್ಬ್ಯಾಡ. ಸೊಗಡವರೆ, ಚೆಂದಾಗೈತೆ ಅನ್ನು."

"ಅವ್ರಪ್ಪನ್ ಗೋಡೆ ಬಿದ್ದಿರ್ಲಿಲ್ಲ ಕಣಮ್ಮಿ," ಎಂದ ಚಲುವಯ್ಯ ಹೊಗೆ ಬಿಡುತ್ತ. "ಅದು ಸುಬ್ಬೇಗೌಡ ಕಟ್ಟಿದ್ ಗೋಡೆ."

"ಗೊತ್ತು. ಬಾಯ್ ಮುಚ್ಕೊಂಡ್ ಉರಿ ಆಕು."

ಹಂಡೆ ಮೊದಲು ಸಣ್ಣಗೆ ಸೊಯ್ ಎಂದಿತು. ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ನೀರಿನ ಮೇಲೆ ಆವಿ ಎದ್ದು ಹಂಚಿಗೆ ಮುಟ್ಟಿತು. ಯಶೋದಮ್ಮ ಬಚ್ಚಲ ಹೊಸ್ತಿಲ ಮೇಲೆ ಮಣೆ ಹಾಕಿಸಿಕೊಂಡು ಪರೀಕ್ಷೆ ಮಾಡುವವಳಂತೆ ಕೂತಿದ್ದಳು. ಎದ್ದು ಬಂದು ಹಂಡೆಯಲ್ಲಿ ನಾಲ್ಕು ಬೆರಳು ಅದ್ದಿದಳು; ಹಾವು ಕಚ್ಚಿದಂತೆ ಕೈ ಕಿತ್ತು, ಬೆರಳನ್ನು ಕಿವಿಗೆ ಹಿಡಿದ‌ಳು.

"ಕಾದೈತೆ," ಎಂದಳು. ಅಷ್ಟೇ.

ಸುನಿತಾ ಬಂದು ಅವ್ವನಿಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಕೂತಳು. ಪುಟ್ಟತಾಯಮ್ಮ ತಣ್ಣೀರು ಬೆರೆಸಿ, ಚೊಂಬು ಎತ್ತಿ, ಮೊದಲ ನೀರನ್ನು ಮಗಳ ಸೊಂಟಕ್ಕೆ ಬೀಸಿದಳು. ಸುನಿತಾ "ಅವ್ವೋ" ಎಂದು ಚೀರಿ ಮುಂದಕ್ಕೆ ಬಾಗಿದಳು. ಎರಡನೆಯ ಚೊಂಬಿಗೆ ಹಲ್ಲು ಕಚ್ಚಿದಳು. ಮೂರು, ನಾಲ್ಕು ಬೀಳುತ್ತಿದ್ದಂತೆ ಭುಜ ಇಳಿಯಿತು, ಕತ್ತು ಸಡಿಲವಾಯಿತು. ಆಮೇಲೆ ಅವಳು ಕೂಗಲಿಲ್ಲ. ಕಣ್ಣು ಮುಚ್ಚಿಕೊಂಡು, "ಇನ್ನೊಸಿ ಕೆಳಕ್ಕೆ ಅವ್ವ, ಅಲ್ಲೇ, ಅಲ್ಲೇ," ಎಂದು ಮಾತ್ರ ಗೊಣಗುತ್ತಿದ್ದಳು. ಪುಟ್ಟತಾಯಮ್ಮನ ತೋಳು ಎತ್ತುತ್ತಿತ್ತು, ಬೀಸುತ್ತಿತ್ತು, ಮತ್ತೆ ಅದ್ದುತ್ತಿತ್ತು. ಬೆವರು ಮುಖದ ಮಿಕ್ಕ ಮಸಿಯನ್ನು ಗೆರೆ ಗೆರೆಯಾಗಿ ಇಳಿಸುತ್ತಿತ್ತು. ಹೊಸ್ತಿಲ ಮೇಲಿನವಳು ಆ ನೀರು ಬೀಳುವುದನ್ನೇ ನೋಡುತ್ತಿದ್ದಳು.

ಸುನಿತಾಳನ್ನು ಸುತ್ತಿ ಒಳಗೆ ಕರೆದುಕೊಂಡು ಹೋಗಿ, ಕಂಬಳಿ ಹೊದಿಸಿ, ಚಿಕ್ಕಬೋರಮ್ಮನಿಗೆ ಸಾಂಬ್ರಾಣಿ ಕೆಂಡ ನೋಡಿಕೊಳ್ಳಲು ಹೇಳಿ ಪುಟ್ಟತಾಯಮ್ಮ ಬಚ್ಚಲಿಗೆ ವಾಪಸು ಬಂದಳು. ಯಶೋದಮ್ಮ ಇನ್ನೂ ಅಲ್ಲೇ ಇದ್ದಳು. ಹಂಡೆಯೊಳಗೆ ಇಣುಕುತ್ತಿದ್ದಳು.

"ಇನ್ನೂ ಅರ್ಧ ಅಂಡೆ ಐತೆ," ಎಂದಳು.

"ಐತೆ. ಈ ಒಲೆ ಈಗ ಬುಡಕಿಲ್ಲ, ಎಷ್ಟು ಬೇಕಾದ್ರೂ ಕಾಯ್ತದೆ."

"ನಮ್ಮನೇಲಿ ಆ ಗೀಸರು…" ಯಶೋದಮ್ಮ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ಗಂಡಸರು ಯಾರೂ ಇರಲಿಲ್ಲ. "ಕರೆಂಟು ಇದ್ರೆ ತಾನೆ ಬೀಗ್ತಿ? ಇದ್ರೂ ಒಂದ್ ಬಕೇಟು ಬತ್ತದೆ, ಎಲ್ಡನೇದು ತಣ್ಣುಗೆ. ಬೆನ್ನಿಗೆ ನೀರ್ ಬಿದ್ದು ಎಷ್ಟು ವರ್ಸ ಆಯ್ತೋ. ಸೊಂಟ ಇದು ನಂದಲ್ಲ ಅನ್ಸ್ತದೆ."

ಪುಟ್ಟತಾಯಮ್ಮ ಅವಳನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಗೂಡಿನಲ್ಲಿದ್ದ ಹರಳೆಣ್ಣೆಯ ಬಟ್ಟಲು ಕೈಗೆ ತೆಗೆದುಕೊಂಡಳು.

"ಸೀರೆ ಬಿಚ್ಚಿ ಆ ಗಳಿನ್ ಮ್ಯಾಲೆ ಆಕಿ. ಕುಂತ್ಕಳಿ."

"ಅಯ್ಯೋ, ಒತ್ತಾಯ್ತದೆ. ಕಾರು ಕಾಯ್ತಾ ಐತೆ."

"ಕುಂತ್ಕಳಿ ಅಂದೆ."

ಅಂಗಳದಲ್ಲಿ ಅಶೋಕ ಎರಡು ಸಲ ಹಾರನ್ ಮಾಡಿದ. ಒಳಗಿಂದ ಯಾರೂ ಬರಲಿಲ್ಲ. ಬಚ್ಚಲಿನಿಂದ ನೀರು ಬೀಸಿ ಬೀಳುವ ಸದ್ದು, ಅದರ ಹಿಂದೆಯೇ ಒಂದು ನರಳಿಕೆ, ಮತ್ತೆ ನೀರು. ಅವನು ಕಾರಿನ ಕಿಟಕಿ ಇಳಿಸಿ, ಹೆಗಲ ಟವೆಲನ್ನು ಮರದ ನೆರಳಲ್ಲಿ ಹಾಸಿ, ಮೊಣಕೈ ತಲೆದಿಂಬು ಮಾಡಿ ಮಲಗಿದ. ಚಲುವಯ್ಯ ಅವನನ್ನು ಎಬ್ಬಿಸದೆ ಡಿಕ್ಕಿ ತೆಗೆದ. ಮೊದಲು ಬಟ್ಟೆ ಗಂಟನ್ನು ಬಗಲಿಗೆ ಸಿಕ್ಕಿಸಿಕೊಂಡು, ಆಮೇಲೆ ಹಾಸಿಗೆ ಸುರುಳಿಯನ್ನು ಹೆಗಲಿಗೇರಿಸಿ, ಸದ್ದಾಗದಂತೆ ಮೆಲ್ಲಗೆ ಡಿಕ್ಕಿ ಮುಚ್ಚಿ, ಮನೆಯ ಕಡೆ ನಡೆದ.